ಎರಡು ಗೇಣು ಒಳಗೆ

ಬಲಗಾಲಿನ ಬೂಟಿಗೆ ಪಾಲಿಶ್ ತಿಕ್ಕುತ್ತ ಕೂತ ಎಲಾದಿಯೋ ಎಡಗಾಲಿನದನ್ನು ಮರೆತೇಬಿಟ್ಟಿದ್ದ. "ಇನ್ನೊಂದು ಕಾಲು ಯಾರ ಮನೇಲಿ ಬಿಟ್ಟು ಬಂದೆ?" ಅಂತ ಹೆಂಡತಿ ಓತಿಲಿಯಾ ಅಡಿಗೆಮನೆಯ ಬಾಗಿಲಲ್ಲಿ ನಿಂತು ಕೇಳಿದಾಗಲೇ ಅವನಿಗೆ ಎಚ್ಚರವಾದದ್ದು. ನಕ್ಕಂತೆ ಮಾಡಿದ. ಅವಳು ತೊಳೆದು ಮಡಿಚಿದ ನೀಲಿ ಅಂಚಿನ ಬಟ್ಟೆಯೊಂದನ್ನು ತಂದು ಅವನ ತೊಡೆಯ ಮೇಲಿಟ್ಟಳು. ಹೋದ ಸಲ ತಂಡದ ಗೆಳೆಯ ಮೆಲಿತೋನನ ಮನೆಯಲ್ಲಿ ಅವನ ಹೆಂಡತಿ ಕೂಕಾ ಬುತ್ತಿ ಕಟ್ಟಿಕೊಟ್ಟ ಬಟ್ಟೆ. ಆ ಮನೆಯಿಂದ ಇವತ್ತಿನವರೆಗೆ ಬರಿಗೈಯಲ್ಲಿ ಹೊರಟವರಿಲ್ಲ. ಉಂಡವನ ಕೈಗೆ ಇನ್ನೊಂದು ಊಟ ಕಟ್ಟಿಕೊಡದಿದ್ದರೆ ಅವರಿಗೆ ಉಂಡದ್ದು ಜೀರ್ಣವಾಗುವುದಿಲ್ಲ. "ಇವತ್ತೂ ಕಟ್ಟಿ ಕೊಡ್ತಾರೆ. ಬೇಡ ಬೇಡ ಅಂತ ನಾಟಕ ಆಡಬೇಡ ಮತ್ತೆ. ನಂಗೆ ಪಕ್ಕೆಲುಬಿನ ತುಂಡು ಅಂತ ಕೂಕಾಗೆ ಹೇಳು," ಅಂದಳು. ಅವಳಿಗೆ ಭಾನುವಾರ ಆಸ್ಪತ್ರೆಯ ಬಟ್ಟೆ ಒಗೆಯುವ ಪಾಳಿ, ಇಲ್ಲದಿದ್ದರೆ ಅವಳೇ ಮುಂದಾಗಿ ಹೊರಡುತ್ತಿದ್ದಳು. ಅವಳು ಹೋದ ಮೇಲೆ ಅವನು ಮತ್ತೆ ಬಲಗಾಲಿನ ಬೂಟು ಕೈಗೆತ್ತಿಕೊಂಡ. ಇದು ಚರ್ಚಿಗೆ ಹಾಕುವ ಕರೀ ಬೂಟು, ಆಟದ್ದಲ್ಲ. ಆದರೆ ಒಳಗೆ ಹೋಗುವ ಕಾಲು ಅದೇ ತಾನೆ. ಹೆಬ್ಬೆರಳಿನ ಗಂಟು ಚರ್ಮವನ್ನು ಉಬ್ಬಿಸಿದ ಆ ಒಂದು ಜಾಗ, ಅಲ್ಲೇ ಹೋದ ಭಾನುವಾರ ಚೆಂಡು ತಾಗಿದ್ದು. ತಾಗಿದ್ದಲ್ಲ, ತಾಗಿಸಿದ್ದು. ಎಷ್ಟು? ಮಲಗಿದ ಕೂಸಿನ ಕೆನ್ನೆ ಮುಟ್ಟುತ್ತೇವಲ್ಲ, ಅಷ್ಟು. ಅದಕ್ಕಿಂತ ಜಾಸ್ತಿ ಮುಟ್ಟಿದ್ದರೆ ದೇವರಾಣೆ ಎಂದು ಅವನು ತನ್ನೊಳಗೇ ಆಣೆ ಹಾಕಿಕೊಂಡ, ಹಾಕಿಕೊಂಡು ನಾಚಿದ. ಕೊಲೆ ಮಾಡಿದವನು ಚಾಕು ಚಿಕ್ಕದಿತ್ತು ಅಂದ ಹಾಗಾಯಿತು.

ಎಂಬತ್ತೊಂದನೇ ನಿಮಿಷ. ಎರಡೂ ಕಡೆ ಸೊನ್ನೆ. ಗೆದ್ದರೆ ಹತ್ತೊಂಬತ್ತು ವರ್ಷದ ಮೇಲೆ ಈ ಬೆಳ್ಳಿಗಣಿ ಊರಿನ ತಂಡ ಮೇಲಿನ ದರ್ಜೆಗೆ ಹತ್ತಬೇಕು. ಬೆಟ್ಟದ ಮೇಲಿನಿಂದ ಮಂಜು ಇಳಿದು ಆಚೆ ಕಡೆಯ ಮೆಟ್ಟಿಲ ಸಾಲು ಕಾಣುತ್ತಿರಲಿಲ್ಲ, ಬರೀ ಕೂಗು ಕೇಳುತ್ತಿತ್ತು. ಆಗಷ್ಟೇ ಒಂದು ದಾಳಿ ಮುರಿದುಬಿದ್ದಿತ್ತು. ಎಲಾದಿಯೋ ಎದುರಾಳಿಯ ಗೋಲಿನ ಬಾಯಲ್ಲೇ ಸೊಂಟಕ್ಕೆ ಕೈಕೊಟ್ಟು ಉಸಿರು ಹುಡುಕುತ್ತ ನಿಂತಿದ್ದ. ಅವರ ಗೋಲ್‌ಕೀಪರ್ ಮುಂದೆ ಓಡಿಬಂದು ಚೆಂಡನ್ನು ದೂರ ಒದ್ದ. ಅದು ನೇರ ಹೋಗಿ ಬಿದ್ದದ್ದು ಮೈದಾನದ ನಡುಗೆರೆಯ ಮೇಲೆ, ಮೆಲಿತೋನನ ಕಾಲಿಗೆ. ಮೆಲಿತೋನ್ ಹಿಂದಿನ ಸಾಲಿನ ಆಳು. ಮೂವತ್ತೇಳು ವರ್ಷ. ಹದಿನಾಲ್ಕು ವರ್ಷ ಈ ತಂಡಕ್ಕೆ ಆಡಿ ಒಂದೇ ಒಂದು ಗೋಲು ಹೊಡೆಯದವನು, ಮಂಡಿ ಹೋಗಿ ಅದೇ ಕೊನೆಯ ಆಟ ಅಂತ ಊರಿಗೆಲ್ಲ ಹೇಳಿ ಬಂದವನು. ಚೆಂಡನ್ನು ನಿಲ್ಲಿಸಲೂ ಇಲ್ಲ, ಎತ್ತಿ ಹೊಡೆದೇಬಿಟ್ಟ. ಅದು ಕೀಪರನ ತಲೆ ದಾಟಿ ಬಂತು. ನೆಲಕ್ಕೆ ಬಿದ್ದು ಒಂದು ಪುಟ, ಎರಡು ಪುಟ, ಆಮೇಲೆ ಇಳಿಜಾರು ಹಿಡಿದು ಉರುಳಿಕೊಂಡು, ಹಸು ಕೊಟ್ಟಿಗೆಗೆ ಬರುವ ಹಾಗೆ ಸಾವಕಾಶವಾಗಿ ಗೋಲಿನ ಕಡೆಗೆ. ಎದುರಾಳಿ ಒಬ್ಬ ಹಿಂದಿನಿಂದ ಓಡುತ್ತಿದ್ದ, ಅವನಿಗೂ ಗೊತ್ತಿತ್ತು ಸಿಗುವುದಿಲ್ಲ ಅಂತ. ಎಲಾದಿಯೋಗೆ ಎಡಗಂಬ ಕಾಣುತ್ತಿತ್ತು. ಕಂಬದಿಂದ ಎರಡು ಗೇಣು ಒಳಗೆ ಹುಲ್ಲಿಲ್ಲದ ಬೋಳು ಜಾಗ, ಅಲ್ಲಿಗೇ ಅದು ಬರುತ್ತಿತ್ತು. ಅವನು ಮಾಡಬೇಕಾದ್ದು ಏನೂ ಇರಲಿಲ್ಲ. ತನ್ನ ಮುಂದೆ ಎದುರಾಳಿಗಳು ಇಬ್ಬರಿಲ್ಲದಾಗ ತನ್ನವನು ಒದ್ದ ಚೆಂಡನ್ನು ಮುಟ್ಟಬಾರದು. ನಿಲ್ಲಬಹುದು, ನೋಡಬಹುದು, ಮೂಗು ಕೆರೆದುಕೊಳ್ಳಬಹುದು, ಮುಟ್ಟಬಾರದು. ಮುಟ್ಟಿದರೆ ಆಫ್‌ಸೈಡು. ಹದಿನಾರು ವರ್ಷ ಆ ಗೆರೆಯ ಮೇಲೆಯೇ ಬದುಕಿದವನಿಗೆ ಇದನ್ನು ಯಾರು ಹೇಳಿಕೊಡಬೇಕು! ಮುಟ್ಟಿದ. ಚೆಂಡು ಬಲೆಗೆ ಹೋಯಿತು, ಅವನು ಕೈಯೆತ್ತಿಕೊಂಡು ಓಡಿದ, ಮಂಜಿನೊಳಗಿಂದ ಊರಿಗೆ ಊರೇ ಕಿರುಚಿತು, ಓಡುತ್ತ ಓಡುತ್ತ ಲೈನ್ಸ್‌ಮನ್ನಿನ ಬಾವುಟ ಮೇಲೆದ್ದದ್ದು ಕಂಡಿತು. ಆಟ ಸೊನ್ನೆಗೆ ಸೊನ್ನೆ ಮುಗಿಯಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅಂದರು ಊರವರು.

ಅಷ್ಟೇ ಆಗಿದ್ದರೆ ಹೇಗೋ ನುಂಗಬಹುದಿತ್ತು. ಬಟ್ಟೆ ಬದಲಿಸುವ ಕೋಣೆಯಲ್ಲಿ ಮೆಲಿತೋನ್ ಮಂಡಿಯ ಪಟ್ಟಿ ಬಿಚ್ಚುತ್ತ ಕೂತಿದ್ದ, ಬೆನ್ನು ಮಾತ್ರ ಕಾಣುತ್ತಿತ್ತು. ಆ ಬೆನ್ನು ಎಲಾದಿಯೋನ ಬಾಯಿಂದ ಮಾತು ಹೊರಡಿಸಿತು. "ಹೊರಗೆ ಹೋಗ್ತಿತ್ತು ಕೊಂಪಾದ್ರೆ. ಕಂಬದ ಆಚೆಗೆ. ಬೇರೆ ದಾರಿ ಇರ್ಲಿಲ್ಲ, ಅದಕ್ಕೇ ಕಾಲಿಟ್ಟೆ." ಮೆಲಿತೋನನ ಮಗಳ ಜ್ಞಾನಸ್ನಾನದ ದಿನ ಕೂಸನ್ನು ಎತ್ತಿಕೊಂಡು ನಿಂತವನು ಎಲಾದಿಯೋ, ಅವತ್ತಿನಿಂದ ಇಬ್ಬರೂ ಒಬ್ಬರಿಗೊಬ್ಬರು ಕೊಂಪಾದ್ರೆ, ಒಡಹುಟ್ಟಿದವರಿಗಿಂತ ಒಂದು ಕೈ ಹೆಚ್ಚು. ಮೆಲಿತೋನ್ ತಿರುಗಿ ನೋಡಿದ. "ಹೌದಾ? ನಂಗೆ ಅಲ್ಲಿಂದ ಒಳಗೇ ಹೋಗ್ತಿದೆ ಅನ್ನಿಸ್ತು," ಅಂದ. ಬಿಚ್ಚಿದ ಪಟ್ಟಿಯನ್ನು ಸುತ್ತಿಟ್ಟು, "ಇರ್ಲಿ ಬಿಡು. ನನ್ನ ಕಾಲಿಗೆ ಅಷ್ಟು ಪುಣ್ಯ ಎಲ್ಲಿಂದ ಬರಬೇಕು," ಅಂತ ಎದ್ದು ಬಂದು ಎಲಾದಿಯೋನ ಬೆನ್ನು ತಟ್ಟಿದ. ಬೆನ್ನು ತಟ್ಟಿದ! ತಟ್ಟಿಸಿಕೊಂಡವನು ತಲೆ ತಗ್ಗಿಸಿ ಒಪ್ಪಿಕೊಂಡ. ಗೋಲಿನ ಬಾಯಿಂದ ನೋಡಿದವನು ಅವನೊಬ್ಬನೇ. ಓಡಿಬಂದ ಎದುರಾಳಿ ತನ್ನ ಊರಿಗೆ ಹೋಗಿಯಾಗಿತ್ತು. ಹಾಗಾಗಿ ಸೋಮವಾರದ ಹೊತ್ತಿಗೆ ಊರಿನಲ್ಲೆಲ್ಲ ಅದೇ ಮಾತು: ಮೆಲಿತೋನನ ಚೆಂಡು ಹೊರಗೆ ಹೋಗುತ್ತಿತ್ತು. ಗೋಲು ಕದ್ದದ್ದು ಸಾಲದು ಅಂತ, ಅದು ಗೋಲೇ ಅಲ್ಲ ಅಂತ ಮಾಡಿದ್ದೂ ತಾನೇ. ಗುರುವಾರ ಚರ್ಚಿಗೆ ಹೋಗಿ ಪಾಪ ಒಪ್ಪಿಕೊಳ್ಳಲು ಪಾದ್ರಿಯ ಜಾಲರಿಯ ಮುಂದೆ ಮಂಡಿಯೂರಿದ್ದ. ಬೈದದ್ದು, ಕುಡಿದದ್ದು, ಅತ್ತೆಯ ಸಾವನ್ನು ಬಯಸಿದ್ದು ಎಲ್ಲ ಹೇಳಿ, ಹೇಳಬೇಕಾದ್ದನ್ನು ಹೇಳದೆ ಎದ್ದು ಬಂದಿದ್ದ.

ಇದಕ್ಕೆಲ್ಲ ಹಳೆಯ ಕೋಚ್ ಇಲಾರಿಯೋ ಮುದುಕನೇ ಕಾರಣ ಅಂತ ಒಮ್ಮೊಮ್ಮೆ ಅನ್ನಿಸುತ್ತಿತ್ತು. ಸತ್ತವರ ಮೇಲೆ ಹಾಕುವುದು ಸುಲಭ. ಹದಿನೆಂಟು ವರ್ಷದ ಎಲಾದಿಯೋನನ್ನು ಸೆಂಟರ್ ಫಾರ್ವರ್ಡ್ ಮಾಡಿದವನು ಅವನು. "ಉಳಿದ ಹತ್ತು ಜನ ಆಟ ಆಡ್ತಾರೆ ಕಣೋ. ನೀನು ಆಡೋಕಲ್ಲ, ಮುಗಿಸೋಕೆ ಇರೋದು," ಅನ್ನುತ್ತಿದ್ದ. ಅವರು ಗೋಲಿಗೆ ಮುಖ ಮಾಡಿ ಓಡಿದರೆ ಇವನು ಗೋಲಿಗೆ ಬೆನ್ನು ಮಾಡಿ ನಿಲ್ಲಬೇಕು. ಹಿಂದೆ ಒಬ್ಬ ಕಟುಕನಂಥವನು ಪಕ್ಕೆಗೆ ಮೊಣಕೈ ಕೊಡುತ್ತಿರುತ್ತಾನೆ, ಅವನ ಉಸಿರಿನಲ್ಲಿ ಬೆಳಿಗ್ಗೆ ತಿಂದ ಈರುಳ್ಳಿ ಯಾವುದು ಅಂತ ಗೊತ್ತಾಗುವಷ್ಟು ಹತ್ತಿರ; ಅವನನ್ನು ಬೆನ್ನಿನಲ್ಲೇ ನೋಡುವುದು ಕಲಿಯಬೇಕು. ಎಂಬತ್ತು ನಿಮಿಷ ಸುಮ್ಮನೆ ನಿಲ್ಲಬೇಕು, ಜನ ಸೋಮಾರಿ ಅಂತ ಉಗಿಯುತ್ತಾರೆ, ಉಗಿಸಿಕೊಳ್ಳಬೇಕು. ಚೆಂಡು ಇರುವ ಕಡೆ ನೋಡುವವನು ಬೇರೆ ಎಲ್ಲಾದರೂ ಆಡಿಕೊಳ್ಳಲಿ, ಸೆಂಟರ್ ಫಾರ್ವರ್ಡು ಚೆಂಡು ಬರಲಿರುವ ಜಾಗವನ್ನು ನೋಡಬೇಕು. ಮುಖ್ಯವಾಗಿ ಆಸೆಬುರುಕನಾಗಿರಬೇಕು. ಸಂಜೆ ಎಲ್ಲರೂ ಮನೆಗೆ ಹೋದ ಮೇಲೆ ಇಲಾರಿಯೋ ಅವನೊಬ್ಬನನ್ನೇ ಖಾಲಿ ಗೋಲಿನ ಮುಂದೆ ನಿಲ್ಲಿಸಿಕೊಳ್ಳುತ್ತಿದ್ದ. ದೂರದಿಂದ ಚೆಂಡುಗಳನ್ನು ನೆಟ್ಟಗೆ ಗೋಲಿಗೆ ಉರುಳಿಸುತ್ತಿದ್ದ. ತಾವಾಗಿಯೇ ಒಳಗೆ ಹೋಗುವ ಚೆಂಡುಗಳು. ಒಂದನ್ನು ಮುಟ್ಟದೆ ಬಿಟ್ಟರೂ ಮೈದಾನಕ್ಕೆ ಎರಡು ಸುತ್ತು. "ಹೋಗ್ತಿರೋ ಚೆಂಡು ಹೋದ ಚೆಂಡಲ್ಲ! ನೀನು ಮುಟ್ಟೋವರೆಗೂ ಅದು ಯಾರದ್ದೂ ಅಲ್ಲ!" ನಿಮಗೆ ಹೀಗೆ ಮೂರು ವರ್ಷ ಮಾಡಿಸಿದರೆ ನಿಮ್ಮ ಕಾಲೂ ನಿಮ್ಮ ಮಾತು ಕೇಳುವುದಿಲ್ಲ. ಕಾಲೇ ಮಾಡಿತು, ನಾನಲ್ಲ. ಈ ವಾದವನ್ನು ಎಲಾದಿಯೋ ವಾರವಿಡೀ ಕಟ್ಟಿ ನಿಲ್ಲಿಸುತ್ತಿದ್ದ, ಅದು ಪ್ರತಿ ಸಲವೂ ಒಂದೇ ಜಾಗದಲ್ಲಿ ಕುಸಿಯುತ್ತಿತ್ತು. ಯಾಕೆಂದರೆ ಹೊತ್ತಿತ್ತು. ಚೆಂಡು ಅಷ್ಟು ಸಾವಕಾಶ ಬರುತ್ತಿತ್ತು. ಬಲೆಯ ಮೂಲೆಯಲ್ಲಿ ಸಿಕ್ಕಿಕೊಂಡ ಸಿಗರೇಟು ಪೊಟ್ಟಣವನ್ನು ಕೂಡ ಅವನು ನೋಡಿದ್ದ. ಮೆಲಿತೋನನದು ಅಂತ ಗೊತ್ತಿತ್ತು. ಹನ್ನೊಂದು ಆಟದಿಂದ ತನ್ನ ಹೆಸರಿಗೆ ಒಂದೂ ಗೋಲಿಲ್ಲ ಅಂತಲೂ ನೆನಪಿತ್ತು. ಆಫ್‌ಸೈಡ್ ಒಂದೇ ನೆನಪಾಗಲಿಲ್ಲ. 'ನಂದು' ಅಂದುಕೊಂಡ. ಆ ಮಾತು ತಲೆಯಲ್ಲಿ ಬಂದದ್ದು ಅವನಿಗೆ ಚೆನ್ನಾಗಿ ನೆನಪಿದೆ, ಕಾಲಿಗೆ ತಲೆ ಇರುವುದಿಲ್ಲ.

ಮೆಲಿತೋನನ ಮನೆ ಗಣಿಯ ಹಳೆ ಚಿಮಣಿಯ ಆಚೆ, ಏರಿನ ಮೇಲೆ. ಬರಿಗೈಯಲ್ಲಿ ಹೋಗಬಾರದು ಅಂತ ದಾರಿಯಲ್ಲಿ ಪಾಸ್ತೆ ಅಂಗಡಿಗೆ ಹೊಕ್ಕ. ಮೆಲಿತೋನನ ಅಮ್ಮನಿಗೆ ಆಲೂಗಡ್ಡೆ ಮಾಂಸ ತುಂಬಿದ ಆ ಬಿಸಿ ಕಡುಬೆಂದರೆ ಜೀವ. ಅಂಗಡಿಯವಳು ಆರು ಕೇಳಿದ್ದಕ್ಕೆ ಏಳು ಹಾಕಿ, ದನಿ ತಗ್ಗಿಸಿ, "ನೀನು ಮನಸ್ಸಿಗೆ ಹಚ್ಚಿಕೋಬೇಡಪ್ಪ. ಹೇಗೂ ಹೊರಗೆ ಹೋಗ್ತಿತ್ತಂತಲ್ಲ. ಪ್ರಯತ್ನ ಪಟ್ಟೆ, ಪಾಪ," ಅಂದಳು. ಆ ಏಳನೆಯದು ಪಾಪದ ಲೆಕ್ಕಕ್ಕೆ ಅಂತ ಅವನಿಗೆ ಗೊತ್ತಾಯಿತು. ಪೊಟ್ಟಣಕ್ಕೆ ಕೈ ಚಾಚಿದ್ದೇ ತಡ, ಮೂಲೆಯ ಬೆಂಚಿನಿಂದ ಒಂದು ದನಿ, "ಏಯ್ ಏಯ್, ಮುಟ್ಟಬೇಡಪ್ಪೋ! ಬಾವುಟ ಎತ್ತುತ್ತಾರೆ!" ಬೆಳಿಗ್ಗೆ ಬೆಳಿಗ್ಗೆಯೇ ಪುಲ್ಕೆ, ಅಂದರೆ ಕತ್ತಾಳೆಯ ಹೆಂಡ, ಏರಿಸಿದ್ದ ಗಣಿಯ ಮುದುಕನೊಬ್ಬ. ಅಂಗಡಿಯಲ್ಲಿದ್ದವರೆಲ್ಲ ಗೊಳ್ಳೆಂದರು. ಎಲಾದಿಯೋ ಕೂಡ ನಕ್ಕ, ನಗಲೇಬೇಕಲ್ಲ. ಆದರೆ ಅವನ ಕೈ ಗಲ್ಲಾಪೆಟ್ಟಿಗೆಯ ಮೇಲಿನ ಪೊಟ್ಟಣದ ಹತ್ತಿರ ಹೋಗಿ ನಿಂತುಬಿಟ್ಟಿತ್ತು, ಒಂದು ಕ್ಷಣವೋ ಎರಡು ಕ್ಷಣವೋ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರಲ್ಲ, ಹಾಗೆ. ಯಾರಾದರೂ ಗಮನಿಸಿದರೇ ಅಂತ ಸುತ್ತ ನೋಡಿದ. ಯಾರೂ ಗಮನಿಸಿರಲಿಲ್ಲ. ಅವರೆಲ್ಲ ಅವನನ್ನು ನಿಜವಾಗಿ ಕ್ಷಮಿಸಿಬಿಟ್ಟಿದ್ದರು, ಅದೂ ಮಾಡದ ತಪ್ಪಿಗೆ. ಹೊರಗೆ ಬಂದು ಏರು ಹತ್ತುವಾಗ ಒಂದು ನಿರ್ಧಾರ ಮಾಡಿದ. ಇವತ್ತು ಹೇಳಿಬಿಡುವುದು. ಮಾಂಸಕ್ಕೆ ಮುಂಚೆ, ಪುಲ್ಕೆಗೆ ಮುಂಚೆ. 'ಕೊಂಪಾದ್ರೆ, ಅದು ಒಳಗೇ ಹೋಗ್ತಿತ್ತು, ನಂಗೆ ಗೊತ್ತಿತ್ತು.' ಆರೇ ಆರು ಮಾತು. ಹೇಳಿದರೆ ಮೆಲಿತೋನನಿಗೆ ಅವನ ಗೋಲು ವಾಪಸ್ಸು ಸಿಗುತ್ತದೆ. ತನಗೆ ಮೆಲಿತೋನ್ ಸಿಗುವುದಿಲ್ಲ.

ಅಂಗಳದಲ್ಲಿ ಕುಳಿಯ ಸುತ್ತ ನೆಂಟರು ಐದಾರು ಜನ ನಿಂತಿದ್ದರು. ರಾತ್ರಿಯೇ ಕೆಂಡ ಹಾಕಿ, ಕತ್ತಾಳೆಯ ಅಗಲ ಎಲೆಗಳಲ್ಲಿ ಕುರಿಯನ್ನು ಸುತ್ತಿ, ಮಣ್ಣು ಮುಚ್ಚಿ ಬಿಟ್ಟದ್ದು. "ಬಾರಯ್ಯ ಬಾ, ನಿಂಗೋಸ್ಕರವೇ ಮುಚ್ಚಳ ತೆಗೆದಿಲ್ಲ," ಅಂತ ಮೆಲಿತೋನ್ ಗುದ್ದಲಿ ಹಿಡಿದು ಕುಂಟುತ್ತ ಬಂದ. ಒಂದೇ ವಾರದಲ್ಲಿ ಅವನ ನಡಿಗೆ ಮುದುಕರದಾಗಿತ್ತು. ಆಟ ಇದ್ದಾಗ ಮಂಡಿಗೂ ಮರ್ಯಾದೆ ಇರುತ್ತದೆ. "ಕೊಂಪಾದ್ರೆ, ಒಂದ್ಮಾತು," ಅಂದ ಎಲಾದಿಯೋ. "ಮಾತು ಆಮೇಲೆ. ಹಿಡಿ ಈ ಕಡೆ." ಇಬ್ಬರೂ ಬಗ್ಗಿ ಮಣ್ಣು ಸರಿಸಿದರು. ಮನಸ್ಸಿನಲ್ಲಿ ಕಸ ಇಟ್ಟುಕೊಂಡವನು ಕುಳಿಯ ಹತ್ತಿರ ಬಂದರೆ ಮಾಂಸ ಬೇಯುವುದಿಲ್ಲ ಅಂತ ಈ ಕಡೆಯವರ ನಂಬಿಕೆ. ಮೆಲಿತೋನನ ಹೆಂಡತಿ ಕೂಕಾ ನಾದಿನಿಯೊಬ್ಬಳನ್ನು, "ನೀನು ದೂರ ನಿಲ್ಲೇ, ನಿನ್ನೆ ಗಂಡನ ಹತ್ರ ಜಗಳ ಆಡಿದ್ದೀಯ," ಅಂತ ಓಡಿಸುತ್ತಿದ್ದಳು. ಎಲಾದಿಯೋನ ಕೈಗಳು ಮಣ್ಣಿನಲ್ಲೇ ನಿಧಾನವಾದವು. ಹಸಿ ಬಂದರೆ? ಎಲ್ಲರೂ ತಿರುಗಿ ನೋಡಿದರೆ? ಹಾಗಾದರೂ ಆಗಲಿ, ತಾನು ಬಾಯಿ ಬಿಡುವುದು ತಪ್ಪುತ್ತದೆ ಅಂತ ಒಳಗೆ ಒಂದು ಆಸೆ ಎದ್ದಿತು. ಎಲೆ ಬಿಡಿಸಿದಾಗ ಹಬೆ ಮುಖಕ್ಕೆ ಬಡಿಯಿತು. ಮೆಲಿತೋನ್ ತೊಡೆಯ ಎಲುಬು ಹಿಡಿದು ಎಳೆದ. ಮಾಂಸ ಅಲ್ಲೇ ಉಳಿದು ಎಲುಬು ಬರಿದಾಗಿ ಕೈಗೆ ಬಂತು. ಬೆಣ್ಣೆ! ಬೆಣ್ಣೆ! ಅಂತ ಎಲ್ಲರೂ ಕೂಗಿದರು. ಇಂಥ ಮಾಂಸ ಈ ಅಂಗಳದಲ್ಲಿ ಹಿಂದೆ ಬೆಂದಿರಲಿಲ್ಲವಂತೆ. ಎಲಾದಿಯೋಗೆ ಮೋಸ ಹೋದಂತೆ ಆಯಿತು. ನೆಲಕ್ಕೂ ಗೊತ್ತಾಗಲಿಲ್ಲವಲ್ಲ, ಥೂ.

ಕೈ ತೊಳೆಯುವ ತೊಟ್ಟಿಯ ಹತ್ತಿರ ಇಬ್ಬರೇ ಸಿಕ್ಕರು. ಈಗ, ಅಂದುಕೊಂಡ. ಬಾಯಿ ತೆರೆಯುವ ಮುಂಚೆ ಮೆಲಿತೋನೇ ಶುರು ಮಾಡಿದ. "ನಿನ್ನಿಂದ ಒಂದು ಉಪಕಾರ ಆಗಬೇಕು ಕೊಂಪಾದ್ರೆ. ಬೈಕೋಬೇಡ. ಅಮ್ಮಂಗೆ ಗೊತ್ತಿಲ್ಲ."

"ಏನು ಗೊತ್ತಿಲ್ಲ?"

"ಗೋಲು ಕೊಡಲಿಲ್ಲ ಅಂತ. ಅವತ್ತು ರೇಡಿಯೋದವನು 'ಗೋಲ್! ಮೆಲಿತೋನ್!' ಅಂತ ಕಿರುಚಿದನಲ್ಲ, ಅಷ್ಟು ಕೇಳಿ ರೇಡಿಯೋ ಆರಿಸಿಬಿಟ್ಟಿದ್ದಾಳೆ. ಇನ್ನು ಕೇಳೋದು ಏನೂ ಇಲ್ಲ ಅಂದ್ಲಂತೆ, ಗೋಡೆ ಹಿಡ್ಕೊಂಡು ಹೋಗಿ ಮಾತೆ ಮರಿಯಮ್ಮನಿಗೆ ಮೇಣದ ಬತ್ತಿ ಹಚ್ಚಿದ್ದಾಳೆ. ನಾನು ಮನೆಗೆ ಬಂದಾಗ ನನ್ನ ಮುಖ ತಡವಿ ತಡವಿ ಅಳ್ತಿದ್ಲು. ಹೇಗೆ ಹೇಳ್ಲಿ ಹೇಳು? ಊರವರೆಲ್ಲ ಅವಳ ಹತ್ರ ಸುಮ್ಮನಿದ್ದಾರೆ." ಮೆಲಿತೋನ್ ಒದ್ದೆ ಕೈಗಳನ್ನು ಪ್ಯಾಂಟಿಗೆ ಒರೆಸಿಕೊಂಡ. "ಈಗ ಒಂದೇ ಹಟ. ಹತ್ತಿರದಿಂದ ನೋಡಿದವನು ಎಲಾದಿಯೋ, ಅವನ ಬಾಯಿಂದ ಕೇಳ್ಬೇಕು ಅಂತಾಳೆ. ಏನಾದರೂ ಸೇರಿಸಿ ಹೇಳಿಬಿಡು, ನಿಂಗೇನು ಕಷ್ಟ. ಹೊರಗೆ ಹೋಗ್ತಿದ್ದದ್ದನ್ನ ಒಂಚೂರು ಒಳಗೆ ತಳ್ಳು, ಅಷ್ಟೇ." ಅಂದವನೇ ತನ್ನ ಮಾತಿಗೆ ತಾನೇ ನಕ್ಕ. ಎಲಾದಿಯೋ ತೊಟ್ಟಿಯ ನೀರಿಗೆ ಮತ್ತೊಮ್ಮೆ ಕೈ ಹಾಕಿದ. ಆರು ಮಾತುಗಳು ಹಾಗೇ ಉಳಿದವು. ಅಷ್ಟರಲ್ಲಿ ಒಳಗಿನಿಂದ ಮುದುಕಿಯ ದನಿ, "ಬಂದನೇನೋ ಅವನು? ಕರ್ಕೊಂಡು ಬಾ, ಮಾಂಸ ಎಲ್ಲೂ ಓಡಿ ಹೋಗಲ್ಲ!"

ಮೆಲಿತೋನನ ಅಮ್ಮ ದೋನ್ಯಾ ಚೋಲೆ ಮೇಜಿನ ತಲೆಗೆ ಕೂತಿದ್ದಳು. ಕಣ್ಣುಗಳಲ್ಲಿ ಹಾಲು ಕಟ್ಟಿ ಆರು ವರ್ಷವಾಗಿತ್ತು. ಎಲಾದಿಯೋ ಕೊಟ್ಟ ಪೊಟ್ಟಣವನ್ನು ಮೂಸಿ, ತೊಡೆಯ ಮೇಲಿಟ್ಟುಕೊಂಡು, ಅವನನ್ನು ಪಕ್ಕದಲ್ಲೇ ಕೂರಿಸಿಕೊಂಡಳು. ಮೆಲಿತೋನ್ ಎದುರಿಗೆ ಕೂತು ಮಾಂಸ ಬಿಡಿಸಿ ಎಲ್ಲರ ತಟ್ಟೆಗೂ ಹಾಕತೊಡಗಿದ. "ಹೇಳು ಮಗಾ. ಅವಸರ ಮಾಡಬೇಡ. ಮೊದಲಿಂದ," ಅಂದಳು ಮುದುಕಿ. ಎಲಾದಿಯೋ ಗುಟುಕು ನೀರು ಕುಡಿದ. ಸುಳ್ಳು ಹೇಳುವುದಕ್ಕೆ ಹೊರಟವನು, ಎಲ್ಲಿಂದ ಶುರು ಮಾಡಬೇಕೋ ತಿಳಿಯದೆ, ಇದ್ದದ್ದರಿಂದಲೇ ಶುರು ಮಾಡಿದ.

"ಕೀಪರ್ ಮುಂದೆ ಬಂದು ಒದ್ದನಮ್ಮ. ಅದು ಇವನ ಕಾಲಿಗೆ ಬಿತ್ತು, ನಡುಗೆರೆ ಮೇಲೆ. ಇವನು ನಿಲ್ಲಿಸಲೇ ಇಲ್ಲ."

"ನಿಲ್ಲಿಸಲಿಲ್ವಾ! ಕತ್ತೆ ಧೈರ್ಯ," ಅಂದಳು ಮುದುಕಿ, ಹಿಗ್ಗಿ.

"ಕೀಪರ್ ತಲೆ ಮೇಲಿಂದ ಬಂತು. ಅವನು ತಿರುಗಿ ಓಡೋಕೆ ಹೋಗಿ ಜಾರಿ ಕೂತ. ಮೊದಲನೇ ಪುಟ ದೊಡ್ಡ ಪೆಟ್ಟಿಗೆಯ ಗೆರೆ ಮೇಲೆ. ಬಲಕ್ಕೆ ಹೋಗುತ್ತೇನೋ ಅಂದುಕೊಂಡೆ. ಎರಡನೇ ಪುಟ ಬಿದ್ದಾಗ ನೆಲದ ಇಳಿಜಾರು ಅದನ್ನ ಎಡಕ್ಕೆ ತಿರುಗಿಸ್ತು. ಗೊತ್ತಲ್ಲ, ನಮ್ಮ ಮೈದಾನ ಆ ಕಡೆಗೆ ವಾಲಿದೆ. ಇವನಿಗೆ ಅದು ಗೊತ್ತಿತ್ತಮ್ಮ. ಹದಿನಾಲ್ಕು ವರ್ಷ ಅದೇ ನೆಲ ಕಾಯ್ದವನು. ಅದಕ್ಕೇ ಬಲಕ್ಕೆ ಹೊಡೆದ. ಬೇರೆ ಯಾರಾದರೂ ಆಗಿದ್ರೆ ನೆಟ್ಟಗೆ ಹೊಡೆದು ಹೊರಗೆ ಕಳಿಸ್ತಿದ್ರು."

ಮೆಲಿತೋನನ ಕೈ ಮಾಂಸದ ಮೇಲೆ ನಿಂತಿತು. ಬಲಕ್ಕೆ ಹೊಡೆದದ್ದನ್ನು ಅವನು ಯಾರಿಗೂ ಹೇಳಿರಲಿಲ್ಲ. ಎಲಾದಿಯೋ ಅವನ ಕಡೆ ನೋಡಲಿಲ್ಲ, ಮುದುಕಿಯ ಹಾಲುಗಣ್ಣನ್ನೇ ನೋಡುತ್ತ ಹೇಳಿದ. ಈಗ ನಿಲ್ಲಿಸುವುದು ಅವನ ಕೈಯಲ್ಲಿರಲಿಲ್ಲ. "ಆಮೇಲೆ ಪುಟ ಇಲ್ಲ. ಉರುಳೋದೇ. ಎಷ್ಟು ನಿಧಾನ ಅಂದ್ರೆ ಹೊಲಿಗೆ ಎಣಿಸಬಹುದಿತ್ತು. ಎಡಗಂಬದಿಂದ ಎರಡು ಗೇಣು ಒಳಗೆ ಹುಲ್ಲು ಹೋಗಿ ಬೋಳಾಗಿದೆ, ಅಂಗೈಯಷ್ಟು. ಅದರ ಮೇಲೇ ಬಂತು. ಕಂಬದ ಹತ್ತಿರಕ್ಕೂ ಹೋಗಲಿಲ್ಲ. ಗಾಳಿ ಬೀಸಿದ್ರೂ, ಭೂಮಿ ನಡುಗಿದ್ರೂ ಅದು ಹೊರಗೆ ಹೋಗ್ತಿರಲಿಲ್ಲಮ್ಮ. ಒಳಗೇ. ನಾನು ಅಲ್ಲೇ ಇದ್ದೆ. ನನ್ನ ಕಣ್ಣಿಂದ ನೋಡಿದೆ. ಎರಡು ಗೇಣು ಒಳಗೆ."

ಮೇಜಿನ ಸುತ್ತ ಇದ್ದವರು ಮುದುಕಿಗೋಸ್ಕರ ಆಹಾ ಅಂದರು, ಒಬ್ಬ ಚಪ್ಪಾಳೆಯನ್ನೂ ತಟ್ಟಿದ. ಎಷ್ಟು ಚೆನ್ನಾಗಿ ಸುಳ್ಳು ಹೇಳುತ್ತಾನೆ ಅಂತ ಕೂಕಾ ಕಣ್ಣಲ್ಲೇ ಮೆಚ್ಚಿದಳು. ಮೆಲಿತೋನ್ ಮಾತ್ರ ಎಲುಬು ಹಿಡಿದ ಕೈ ಹಾಗೇ ಇಟ್ಟುಕೊಂಡು ಕೂತಿದ್ದ.

"ನೀನು ಅಲ್ಲೇ ಇದ್ದೆ ಅಂದೆಯಲ್ಲ," ಅಂದಳು ಮುದುಕಿ. "ಎಷ್ಟು ಹತ್ತಿರ?"

"ಕಾಲಿಟ್ಟರೆ ಸಿಗುವಷ್ಟು."

"ಮುಟ್ಟಲಿಲ್ಲ?"

ಎಲ್ಲರೂ ಅವನ ಬಾಯಿ ನೋಡಿದರು. "ಇಲ್ಲಮ್ಮ," ಅಂದ.

ಮುದುಕಿ ತೊಡೆಯ ಮೇಲಿನ ಪೊಟ್ಟಣವನ್ನು ಮೇಜಿನ ಮೇಲಿಟ್ಟಳು. ಆಮೇಲೆ ಹಲ್ಲಿಲ್ಲದ ಬಾಯಿ ತುಂಬ ನಕ್ಕಳು. "ನನ್ನ ಗಂಡನೂ ಗಣಿ ತಂಡದಲ್ಲಿ ನಿನ್ನ ಜಾಗದಲ್ಲೇ ಆಡ್ತಿದ್ದ, ಗೊತ್ತಾ? ಮೂವತ್ತು ವರ್ಷ ಬಾಳಿದೆ ಆ ಪುಣ್ಯಾತ್ಮನ ಜೊತೆ. ನನ್ನ ತಟ್ಟೆಯ ಕೊನೇ ತುಂಡೂ ಅವನಿಗೇ ಬೇಕು. ಹಸಿವಿಗಲ್ಲ, ಕೊನೇದು ಅನ್ನೋದಕ್ಕೆ. ನಿಮ್ಮ ಜಾತಿಯೇ ಅದು. ನೀನು ಬಿಟ್ಟೆ ಅಂದ್ರೆ, ಮಗಾ, ನನ್ನ ಮಗ ಹೊಡೆದದ್ದಕ್ಕಿಂತ ನೀನು ಬಿಟ್ಟದ್ದು ದೊಡ್ಡದು." ಅವಳ ಕೈ ಮೇಜಿನ ಕೆಳಗೆ ಹುಡುಕಿತು. "ಯಾವ ಕಾಲದು? ಬಲಗಾಲಾ? ಕೊಡು ಇಲ್ಲಿ." ಎಲಾದಿಯೋ ಬೇಡಮ್ಮ ಅಂದ, ಅಮ್ಮ ಬೇಡ ಅಂದ, ಅವಳು ಕೇಳಲಿಲ್ಲ. ಕುರ್ಚಿಯಿಂದ ಬಗ್ಗಿ, ತಡವರಿಸಿ, ಬೂಟು ಸಿಕ್ಕಿದ ಮೇಲೆ ಅದರ ಮೂತಿಯ ಮೇಲೆ ಹೆಬ್ಬೆರಳಿನಿಂದ ನಿಧಾನವಾಗಿ ಶಿಲುಬೆ ಎಳೆದಳು. ಬೆಳಿಗ್ಗೆ ಅಷ್ಟು ಹೊತ್ತು ತಿಕ್ಕಿದ ಪಾಲಿಶ್ ಅವಳ ಬೆರಳಿಗೆ ಹತ್ತಿತು. ಎಲಾದಿಯೋ ಹಲ್ಲು ಕಚ್ಚಿ ಕೂತ. ಭೂಮಿ ಬಾಯ್ಬಿಟ್ಟು ನುಂಗಬಾರದೇ ಅನ್ನುತ್ತಾರಲ್ಲ, ಅಂಗಳದಲ್ಲಿ ಆ ಕುಳಿ ಬಾಯಿ ತೆರೆದುಕೊಂಡೇ ಇತ್ತು, ಎದ್ದು ಹೋಗಿ ಬೀಳುವುದಕ್ಕೆ ಕಾಲೇ ಬರಲಿಲ್ಲ.

ಊಟ ನಡೆಯಿತು. ಕಡಲೆ ಹಾಕಿದ ಸಾರು ಬಂತು, ಖಾರ ಬಂತು, ಪುಲ್ಕೆಯ ಹೂಜಿ ಎರಡು ಸುತ್ತು ತಿರುಗಿತು. ಮೆಲಿತೋನ್ ಎಲ್ಲರಿಗೂ ಬಡಿಸಿದ, ಎಲಾದಿಯೋಗೂ ಬಡಿಸಿದ, ಮುಖ ನೋಡಲಿಲ್ಲ. ಹೊರಡುವ ಹೊತ್ತಿಗೆ ಕೂಕಾ ನೀಲಿ ಅಂಚಿನ ಬಟ್ಟೆಯಲ್ಲಿ ಬುತ್ತಿ ಕಟ್ಟಿ, "ಓತಿಲಿಯಾಗೆ ಪಕ್ಕೆಲುಬು ಹಾಕಿದ್ದೀನಿ, ದಾರೀಲಿ ತಿಂದುಬಿಟ್ಟೀಯ!" ಅಂದಳು. ಅವನು ಕೈ ಚಾಚುವ ಮೊದಲೇ ಮೆಲಿತೋನ್ ಎದ್ದು ಅದನ್ನು ತೆಗೆದುಕೊಂಡ. "ನಾನು ಗೇಟಿನ ತನಕ ಬರ್ತೀನಿ." ಇಬ್ಬರೂ ಅಂಗಳ ದಾಟಿದರು, ಒಬ್ಬ ಕುಂಟುತ್ತ, ಇನ್ನೊಬ್ಬ ಅವನ ನಡಿಗೆಗೆ ತನ್ನದನ್ನು ನಿಧಾನ ಮಾಡಿಕೊಳ್ಳುತ್ತ. ಗೇಟಿನ ಹತ್ತಿರ ಮೆಲಿತೋನ್ ನಿಂತ. ಮಂಜು ಇಳಿಯುವುದಕ್ಕೆ ಶುರುವಾಗಿ ಚಿಮಣಿಯ ತಲೆ ಕಾಣೆಯಾಗಿತ್ತು.

"ಎರಡು ಗೇಣಾ?" ಅಂದ ಮೆಲಿತೋನ್.

"ಎರಡು ಗೇಣು."

"ಒಳಗೆ?"

"ಒಳಗೆ."

ಮೆಲಿತೋನ್ ತಲೆಯಾಡಿಸಿದ. ಅವನ ಮುಖದಲ್ಲಿ ಮೊದಲು ಬಂದದ್ದು ಸಿಟ್ಟಲ್ಲ. ಹದಿನಾಲ್ಕು ವರ್ಷದಲ್ಲಿ ಎಲಾದಿಯೋ ಆ ಮುಖದಲ್ಲಿ ನೋಡದ ಒಂದು ಹಿಗ್ಗು ಬಂತು, ಗೋಲು ಹೊಡೆದವನ ಹಿಗ್ಗು. ತಾನು ಎಷ್ಟೋ ಸಲ ಕನ್ನಡಿಯಲ್ಲಿ ನೋಡಿಕೊಂಡದ್ದು, ಅದನ್ನು ಗುರುತು ಹಿಡಿಯಲು ಅವನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಅದು ಬಂದು, ಅಲ್ಲೇ ನಿಂತು, ಆಮೇಲೆ ಎಲಾದಿಯೋನನ್ನು ನೋಡುತ್ತ ನೋಡುತ್ತ ಆರಿತು. ಕ್ಷಮಿಸು ಅನ್ನಬೇಕು ಅಂತ ಎಲಾದಿಯೋನ ನಾಲಿಗೆ ಎದ್ದಿತು. ಅಂದರೆ ಮೆಲಿತೋನ್ ಕ್ಷಮಿಸಿಬಿಡುತ್ತಾನೆ, ಅವನು ಅಂಥವನು. ಇದನ್ನೂ ತಾನೇ ಮುಗಿಸಿದ ಹಾಗಾಗುತ್ತದೆ. ನಾಲಿಗೆಯನ್ನು ಹಲ್ಲಿನ ಹಿಂದೆಯೇ ಹಿಡಿದುಕೊಂಡ. ಬುತ್ತಿ ಇಬ್ಬರ ನಡುವೆ ಮೆಲಿತೋನನ ಕೈಯಲ್ಲಿ ತೂಗುತ್ತಿತ್ತು. ಕೈ ಚಾಚಿದರೆ ಸಿಗುವಷ್ಟು ಹತ್ತಿರ, ಬಟ್ಟೆಯ ಮೂಲಕ ಬಿಸಿ ಹಬೆಯಾಡುತ್ತಿತ್ತು. ಎಲಾದಿಯೋ ಎರಡೂ ಕೈಗಳನ್ನು ಪಕ್ಕದಲ್ಲೇ ಇಟ್ಟುಕೊಂಡು ನಿಂತ. ಎಷ್ಟು ಹೊತ್ತು ನಿಂತನೋ. ಕೊನೆಗೆ ಮೆಲಿತೋನ್, "ಹೋಗು," ಅಂದ, ಬುತ್ತಿಯನ್ನು ಎದೆಗೆ ಒತ್ತಿಕೊಂಡು ಕುಂಟುತ್ತ ಒಳಗೆ ಹೋದ.

ಎಲಾದಿಯೋ ಬರಿಗೈಯಲ್ಲಿ ಇಳಿಜಾರು ಇಳಿಯತೊಡಗಿದ. ಓತಿಲಿಯಾಗೆ ಏನು ಹೇಳುವುದೋ, ಬಟ್ಟೆ ಎಲ್ಲಿ ಅಂದರೆ ಏನನ್ನುವುದೋ ತಿಳಿಯಲಿಲ್ಲ. ಹಿಂದೆ ಅಂಗಳದಲ್ಲಿ ಯಾರೋ ತಡವಾಗಿ ಬಂದ ನೆಂಟರು ಸೇರಿಕೊಂಡಿದ್ದರು, ಮುದುಕಿ ಅವರನ್ನು ಕೂರಿಸಿಕೊಂಡು ಮೊದಲಿನಿಂದ ಹೇಳುತ್ತಿದ್ದಳು. ಎರಡನೇ ಪುಟದ ಹತ್ತಿರ ಅವಳು ಎಡವಟ್ಟು ಮಾಡಿ ಎಡಕ್ಕೆ ಹೊಡೆದ ಅಂದಳು. "ಎಡಕ್ಕಲ್ಲಮ್ಮ," ಅಂತ ಮೆಲಿತೋನನ ದನಿ ಕೇಳಿಸಿತು, "ಬಲಕ್ಕೆ. ಬಲಕ್ಕೆ ಹೊಡೆದೆ ನಾನು."